ಕೃಷ್ಣೆಯ ದಂಡೆಗೆ ಎರಡು ಬ್ಯಾಟರಿಗಳ ಪಯಣ

ಹೈದರಾಬಾದಿನಿಂದ ರಾಯಚೂರಿನತ್ತ ಸಾಗುವ ಹೆದ್ದಾರಿಯಲ್ಲಿ ಮಹಬೂಬನಗರ, ದೇವರಕದ್ರಗಳನ್ನು ದಾಟಿ ಮರಿಕಲ್ಲಿನ ಬಳಿ ಬಲಕ್ಕೆ ಹೊರಳಿದರೆ ನಾರಾಯಣಪೇಟೆಯ ದಾರಿ. ಊರಿನ ಅಂಗಡಿಗಳ ಫಲಕಗಳು ಹೆಚ್ಚಾಗಿ ತೆಲುಗಿನವು. ಒಳಗಿನ ವ್ಯವಹಾರ ಮಾತ್ರ ತೆಲುಗು, ಕನ್ನಡ, ಉರ್ದು, ಒಂದಿಷ್ಟು ಮರಾಠಿ ಇವುಗಳ ನಡುವೆ ತನಗೆ ತೋಚಿದಂತೆ ಓಡಾಡುತ್ತದೆ. ಕೆಂಪಂಚಿನ ಚೌಕುಳಿ ಸೀರೆಗಳಿಂದ ಹೆಸರಾದ ಈ ಊರಿನ ನೇಕಾರರಲ್ಲಿ ಕೆಲವರ ಪೂರ್ವಜರು ಮರಾಠಾ ಪಡೆಯ ಹಿಂದೆ ಬಂದು ಇಲ್ಲಿಯೇ ನೆಲೆನಿಂತವರೆಂಬ ಪ್ರತೀತಿಯುಂಟು. 2019ರ ಫೆಬ್ರುವರಿ 17ರಂದು ನಾರಾಯಣಪೇಟೆ ಜಿಲ್ಲಾ ಕೇಂದ್ರವಾಯಿತು. ಆದರೆ ‘ನಾರಾಯಣಪೇಟೆ ರೋಡ್’ ಎಂಬ ಹೆಸರಿನ ರೈಲು ನಿಲ್ದಾಣವನ್ನು ಹುಡುಕಿದವರು ಗಡಿ ದಾಟಿ ಯಾದಗಿರಿ ಜಿಲ್ಲೆಯ ಸೈದಾಪುರಕ್ಕೆ ಹೋಗಬೇಕಿತ್ತು. ಊರೊಂದು ರಾಜ್ಯದಲ್ಲಿ, ಅದರ ಹೆಸರು ಹೊತ್ತ ನಿಲ್ದಾಣ ಇನ್ನೊಂದು ರಾಜ್ಯದಲ್ಲಿ. ಗಡಿನಾಡಿನ ಸ್ವಭಾವವನ್ನು ಅರಿಯಲು ಇಷ್ಟು ಸಾಕು.

ನಮ್ಮ ಮಕ್ಕಳ ಪಾಠದಲ್ಲಿ 1956ರ ನವೆಂಬರ್ 1 ಎಂದರೆ ಕರ್ನಾಟಕದ ಏಕೀಕರಣ. ಅಂದೇ ಹಳೆಯ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಅದರ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಮಾತ್ರ ಆಂಧ್ರಕ್ಕೆ ಹೋದವು. ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್, ತಾಂಡೂರುಗಳೂ ಹಾಗೆಯೇ ಬೇರ್ಪಟ್ಟವು. ಗೆರೆ ಎಳೆದವರು ತಾಲ್ಲೂಕುಗಳ ಲೆಕ್ಕದಲ್ಲಿ ಎಳೆದರು. ಮನೆಗಳ ಲೆಕ್ಕ ಹಿಡಿಯಲು ಯಾರಿಗೂ ಸಾಧ್ಯವಿರಲಿಲ್ಲ. ಕೃಷ್ಣಾ ನದಿಯ ಉತ್ತರದ ದಂಡೆಯ ಊರುಗಳಲ್ಲಿ ಇಂದಿಗೂ ಕನ್ನಡ ಮನೆಮಾತು, ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮ. ನಮ್ಮ ಈ ಪಯಣ ಅಂಥ ಒಂದು ಶಾಲೆಗಾಗಿ.

ಪಯಣದ ಮುಂದಾಳು ನನ್ನ ಅಕ್ಕನ ಗಂಡ. ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರು. ನಿವೃತ್ತಿಯ ಹಣದಲ್ಲಿ ಅವರು ಕೊಂಡದ್ದು ಒಂದು ಹಳೆಯ ಮಾರುತಿ ಜಿಪ್ಸಿ. 1985ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದು, ಮೂರು ದಶಕಗಳಿಗೂ ಹೆಚ್ಚು ಕಾಲ ಸೈನ್ಯ, ಪೊಲೀಸು, ಅರಣ್ಯ ಇಲಾಖೆಗಳ ಚಾಕರಿ ಮಾಡಿದ ಆ ಪುಟ್ಟ ಗಾಡಿಯನ್ನು ಓದುಗರು ಬಲ್ಲರು. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹಂಚುವ ಸನ್ನೆ ಅದರಲ್ಲಿದೆ. ಕರಿಮಣ್ಣಿನ ಹೊಲದ ದಾರಿಯಲ್ಲಿ, ಹೊಳೆಯ ಮರಳಿನಲ್ಲಿ ಅದು ನಿಶ್ಚಿಂತೆಯಿಂದ ನಡೆಯುತ್ತದೆ. ಭಾವನವರು ಅದರ ಹಿಂಬದಿಯಲ್ಲಿ ಪುಸ್ತಕ, ನಕ್ಷತ್ರ ಪಟ, ಒಂದು ಸಣ್ಣ ದೂರದರ್ಶಕ, ದೀಪಗಳನ್ನು ತುಂಬಿಕೊಂಡು ಗಡಿಯ ಶಾಲೆಗಳಿಗೆ ಹೋಗಿ ಬರುತ್ತಾರೆ. ಮಕ್ಕಳಿಗೆ ಕನ್ನಡದಲ್ಲಿ ಆಕಾಶವನ್ನು ತೋರಿಸುವುದು ಅವರ ಹವ್ಯಾಸ. ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ಮನುಷ್ಯ ಈ ಪರಿ ಅಲೆದಾಡುವುದು ಅಕ್ಕನಿಗೆ ಹಿಡಿಸದು.

ಇನ್ಸುಲಿನ್ ಎಂಬುದು ಬಿಸಿಲನ್ನು ತಾಳದ ಔಷಧ. ತೆರೆಯದ ಕುಪ್ಪಿಗಳನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಬಳಕೆಯಲ್ಲಿರುವುದನ್ನು ಹೊರಗಿಡಬಹುದಾದರೂ 25–30 ಡಿಗ್ರಿಯನ್ನು ಮೀರಗೊಡಬಾರದು. ಹೆಪ್ಪುಗಟ್ಟಿದರೂ ಕೆಟ್ಟಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ನಿಲ್ಲಿಸಿದ ಗಾಡಿಯ ಒಳಗಿನ ಕಾವು ಎಷ್ಟಿರುತ್ತದೆಂದು ಬೇರೆ ಹೇಳಬೇಕಿಲ್ಲ. ಕೆಟ್ಟ ಇನ್ಸುಲಿನ್ ನೋಡಲು ಎಷ್ಟೋ ಸಲ ಒಳ್ಳೆಯದರಂತೆಯೇ ಇರುತ್ತದೆ. ರಕ್ತದ ಸಕ್ಕರೆ ಏರಿದಾಗಲೇ ಅದರ ಗುಟ್ಟು ಬಯಲಾಗುವುದು. ಹಾಗಾಗಿ ಅಕ್ಕ ಒಂದು ಕರಾರು ಹಾಕಿದ್ದಳು: ಗಾಡಿಯಲ್ಲಿ ಹನ್ನೆರಡು ವೋಲ್ಟಿನ ಪುಟ್ಟ ಫ್ರಿಜ್ ಇದ್ದರೆ ಮಾತ್ರ ಹೊರಡುವುದು. ಫ್ರಿಜ್ ಬಂದಿತು. ಅದರ ಹಿಂದೆಯೇ ಎರಡನೆಯ ಬ್ಯಾಟರಿಯೂ ಬರಬೇಕಾಯಿತು.

ಏಕೆಂದರೆ ಗಾಡಿಯ ಬಾನೆಟ್ಟಿನ ಕೆಳಗಿರುವ ಬ್ಯಾಟರಿ ಹುಟ್ಟಿರುವುದೇ ಬೇರೆ ಕೆಲಸಕ್ಕೆ. ಸೆಲ್ಫ್ ಹೊಡೆಯುವ ಎರಡು ಮೂರು ಕ್ಷಣಗಳಲ್ಲಿ ನೂರಕ್ಕೂ ಹೆಚ್ಚು ಆಂಪಿಯರ್ ವಿದ್ಯುತ್ತನ್ನು ಒಮ್ಮೆಲೇ ಕೊಡಲೆಂದು ಅದರ ಸೀಸದ ಫಲಕಗಳನ್ನು ತೆಳುವಾಗಿ ಮಾಡಿರುತ್ತಾರೆ. ಎಂಜಿನ್ ಹತ್ತಿದೊಡನೆ ಆಲ್ಟರ್‌ನೇಟರ್ ಆ ಕೊರತೆಯನ್ನು ತುಂಬುತ್ತದೆ. ಅದೇ ಬ್ಯಾಟರಿಯಿಂದ ಇಡೀ ರಾತ್ರಿ ಸ್ವಲ್ಪ ಸ್ವಲ್ಪವಾಗಿ ಬಸಿಯುತ್ತ ಹೋದರೆ ಬೆಳಗಿಗೆ ಗಾಡಿ ಏಳುವುದಿಲ್ಲ. ಹತ್ತಾರು ಸಲ ಹೀಗಾದರೆ ಬ್ಯಾಟರಿಯೇ ಏಳುವುದಿಲ್ಲ. ಫ್ರಿಜ್, ದೀಪಗಳಂಥ ನಿಧಾನದ ಖರ್ಚಿಗೆ ಆಳವಾದ ಬಳಕೆಯನ್ನು ತಾಳುವ ಇನ್ನೊಂದು ಬ್ಯಾಟರಿ ಬೇಕು. ಅದು ಗಾಡಿ ಓಡುವಾಗ ಮೊದಲನೆಯದರ ಜೊತೆಗೂಡಿ ತುಂಬಿಕೊಳ್ಳಬೇಕು, ಗಾಡಿ ನಿಂತಾಗ ಬೇರೆಯಾಗಬೇಕು. ಕೂಡು ಕುಟುಂಬದಲ್ಲಿ ಬೇರೆ ಅಡಿಗೆಯ ಏರ್ಪಾಡಿನಂತೆ.

ಲೆಕ್ಕ ಕಷ್ಟದ್ದಲ್ಲ, ಎಂಟನೆಯ ತರಗತಿಯ ಮಕ್ಕಳು ಮಾಡಬಲ್ಲರು. ಫ್ರಿಜ್ ನಡೆಯುವಾಗ 45 ವ್ಯಾಟ್ ಎಳೆಯುತ್ತದೆ. ಹನ್ನೆರಡು ವೋಲ್ಟಿನಿಂದ ಭಾಗಿಸಿದರೆ ನಾಲ್ಕಕ್ಕಿಂತ ತುಸು ಕಡಿಮೆ ಆಂಪಿಯರ್. ಬೇಸಿಗೆಯಲ್ಲಿ ಅರ್ಧ ಹೊತ್ತು ನಡೆದು ಅರ್ಧ ಹೊತ್ತು ವಿಶ್ರಮಿಸುತ್ತದೆಂದು ಹಿಡಿದರೆ ಗಂಟೆಗೆ ಎರಡು, ಹತ್ತು ಗಂಟೆಗೆ ಇಪ್ಪತ್ತು ಆಂಪಿಯರ್-ಗಂಟೆ. ಹತ್ತು ವ್ಯಾಟಿನ ಎಲ್‌ಇಡಿ ದೀಪ ನಾಲ್ಕು ಗಂಟೆ ಉರಿದರೆ ಇನ್ನೊಂದು ಮೂರೂವರೆ. ಒಟ್ಟು ಇಪ್ಪತ್ತನಾಲ್ಕು ಎನ್ನೋಣ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸದಿರುವುದು ಲೇಸು. ಆದ್ದರಿಂದ 65 ಆಂಪಿಯರ್-ಗಂಟೆಯದು ಸಾಕು, ಮೇಲೆ ಎಂಟರಷ್ಟು ಉಳಿಕೆಯೂ ಇರುತ್ತದೆ.

ಈ ಬ್ಯಾಟರಿಯನ್ನು ಭಾವನವರು ಬೇರೊಂದು ಊರಿನ ಅಂಗಡಿಯಲ್ಲಿ ಹಾಕಿಸಿದ್ದರು. ಫ್ರಿಜ್ ಸರಿಯಾಗಿ ತಣ್ಣಗಾಗುತ್ತಿಲ್ಲವೆಂಬ ದೂರಿನೊಂದಿಗೆ ನಾವು ನಾರಾಯಣಪೇಟೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಳಿ ನಿಂತೆವು. ಬೇವಿನ ನೆರಳು, ತಗಡಿನ ಚಪ್ಪರ, ಹಳೆಯ ಬ್ಯಾಟರಿಗಳ ರಾಶಿ. ಇಪ್ಪತ್ತೈದು ದಾಟದ ಹುಡುಗ. ಊರಲ್ಲೆಲ್ಲ ಅವನನ್ನು ಮಿಸ್ತ್ರಿ ಎನ್ನುತ್ತಾರೆ. ಮೀಟರಿನ ಎರಡು ಕಡ್ಡಿಗಳನ್ನು ಅಲ್ಲಲ್ಲಿ ಮುಟ್ಟಿಸಿ ನೋಡಿದ. ಎಂಜಿನ್ ನಡೆಯುವಾಗ ಮುಂದಿನ ಬ್ಯಾಟರಿಯ ಬಾಯಲ್ಲಿ 14.1 ವೋಲ್ಟ್, ಸೀಟಿನ ಹಿಂದಿನ ಬ್ಯಾಟರಿಯಲ್ಲಿ 13.5.

“ನಡುವ ಅರ್ಧ ವೋಲ್ಟಿಗಿಂತ ಜಾಸ್ತಿ ದಾರ್ಯಾಗ ಉಳ್ಯಾಕತ್ತೇದ ನೋಡ್ರಿ ಮಾಸ್ತರ. ವೈರು ಸಣ್ಣದದ. ಹಿಂಗಾದ್ರ ಹಿಂದಿನ ಬ್ಯಾಟ್ರಿ ಎಂದೂ ಪೂರಾ ತುಂಬಂಗಿಲ್ಲ.”

ತಂತಿಯ ಗಾತ್ರದ ಮಹತ್ವವನ್ನು ನಾನು ಕಂಡದ್ದು ಅಲ್ಲಿ. ನಾಲ್ಕು ಚದರ ಮಿಲಿಮೀಟರಿನ ತಾಮ್ರದ ತಂತಿ ನಾಲ್ಕು ಮೀಟರು ಓಡಿ ಮೂವತ್ತು ಆಂಪಿಯರ್ ಹೊತ್ತರೆ ಅರ್ಧ ವೋಲ್ಟನ್ನು ತಾನೇ ನುಂಗುತ್ತದೆ. ಇಪ್ಪತ್ತೈದು ಚದರ ಮಿಲಿಮೀಟರಿನದಾದರೆ ನುಂಗುವುದು ಹತ್ತನೆಯ ಒಂದು ವೋಲ್ಟಿಗಿಂತಲೂ ಕಡಿಮೆ. ಕಾಲುವೆ ಕಿರಿದಾದರೆ ಕೊನೆಯ ಹೊಲಕ್ಕೆ ನೀರು ತಲಪದು. ಜೂರಾಲ ಯೋಜನೆಯ ಬಾಲತುದಿಯ ರೈತರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಮಿಸ್ತ್ರಿಯ ಮುಖ ನಿಜವಾಗಿ ಗಂಭೀರವಾದದ್ದು ಆ ಮೇಲೆ. ಎಂಜಿನ್ ಕೋಣೆಯಿಂದ ಒಳಗೆ ಬರುವ ತಗಡಿನ ತೂತಿನಲ್ಲಿ ತಂತಿಗೆ ರಬ್ಬರಿನ ಬಳೆ ಇರಲಿಲ್ಲ. ತಗಡಿನ ಅಂಚು ತಂತಿಯ ಹೊದಿಕೆಯನ್ನು ಸವೆಸುತ್ತ ಬಂದು ಇನ್ನೊಂದು ಉಗುರಿನ ದಪ್ಪವಷ್ಟೇ ಉಳಿದಿತ್ತು. ತಂತಿಯುದ್ದಕ್ಕೂ ಎಲ್ಲಿಯೂ ಫ್ಯೂಸ್ ಇರಲಿಲ್ಲ. ತಾಮ್ರ ತಗಡಿಗೆ ತಾಗಿದ್ದರೆ ಎರಡು ಬ್ಯಾಟರಿಗಳ ಬಲವೂ ಆ ಒಂದು ಬಿಂದುವಿನಲ್ಲಿ ಹರಿದು ತಂತಿ ಕೆಂಡವಾಗುತ್ತಿತ್ತು. ಸೀಟಿನ ಕೆಳಗೆ ಪೆಟ್ರೋಲಿನ ಕೊಳವೆ ಹಾದಿದೆ. ಹಿಂದೆ ಮಕ್ಕಳು ಕೂರುವ ಗಾಡಿ. ಭಾವನವರು ಮಾತಿಲ್ಲದೆ ಸವೆದ ತಂತಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

ಅಂದಿನ ಮಧ್ಯಾಹ್ನವೆಲ್ಲ ಅಲ್ಲಿಯೇ ಕಳೆಯಿತು. ಮಿಸ್ತ್ರಿ ದಪ್ಪ ತಂತಿ ಎಳೆದ. ಎರಡು ಬ್ಯಾಟರಿಗಳ ಬಳಿಯಲ್ಲಿಯೂ, ಗೇಣುದ್ದದೊಳಗೆ, 60 ಆಂಪಿಯರಿನ ಒಂದೊಂದು ಫ್ಯೂಸ್ ಕೂರಿಸಿದ. ತಂತಿಗೆ ಎರಡೂ ಕಡೆಯಲ್ಲಿ ವಿದ್ಯುತ್ತಿನ ಮೂಲವಿರುವುದರಿಂದ ಎರಡೂ ಕಡೆ ಕಾವಲು ಬೇಕೆಂಬುದು ಅವನ ವಾದ, ಸರಿಯಾದ ವಾದ. ಕೈಯಿಂದ ಒತ್ತುವ ಸ್ವಿಚ್ಚಿನ ಬದಲಿಗೆ ವೋಲ್ಟೇಜನ್ನು ತಾನೇ ಅರಿಯುವ ರಿಲೇ ಹಾಕಿದ. ಎಂಜಿನ್ ನಡೆದು ಮುಂದಿನ ಬ್ಯಾಟರಿ 13.3 ವೋಲ್ಟಿಗೇರಿದಾಗ ಅದು ಎರಡನ್ನೂ ಬೆಸೆಯುತ್ತದೆ. ಎಂಜಿನ್ ನಿಂತು 12.8ಕ್ಕಿಳಿದಾಗ ಬಿಡಿಸುತ್ತದೆ. ಮರೆಯುವ ಮಾತೇ ಇಲ್ಲ. (ಈಚಿನ ಕೆಲವು ಗಾಡಿಗಳಲ್ಲಿ ಆಲ್ಟರ್‌ನೇಟರಿನ ವೋಲ್ಟೇಜನ್ನು ಕಂಪ್ಯೂಟರ್ ಏರಿಳಿಸುತ್ತಿರುತ್ತದೆ. ಅಂಥವಕ್ಕೆ ಈ ರಿಲೇ ಒಗ್ಗದು. ಬೇರೆಯದೇ ಚಾರ್ಜರ್ ಬೇಕಾಗುತ್ತದೆ. ನಮ್ಮ ಜಿಪ್ಸಿಗೆ ಆ ಬುದ್ಧಿವಂತಿಕೆಯಿಲ್ಲ.) ಹಿಂದಿನ ಬ್ಯಾಟರಿ ಮೊಹರು ಮಾಡಿದ ಬಗೆಯದಾಗಿದ್ದುದು ಅವನಿಗೆ ಸಮಾಧಾನ ತಂದಿತು. ನೀರು ಹಾಕುವ ಬಗೆಯದು ತುಂಬುವಾಗ ಹೈಡ್ರೋಜನ್ ಬಿಡುತ್ತದೆ. ಮನುಷ್ಯರು ಕೂರುವ ಜಾಗದಲ್ಲಿ ಅದನ್ನಿಡಬಾರದು. ಹದಿನೆಂಟು ಕಿಲೋ ತೂಗುವ ಆ ಪೆಟ್ಟಿಗೆಯನ್ನು ಕಬ್ಬಿಣದ ಪಟ್ಟಿಯಿಂದ ನೆಲಕ್ಕೆ ಬಿಗಿದ.

“ಒಂದು ಮಾತು ನೆನಪಿಡ್ರಿ ಮಾಸ್ತರ. ಮುಂದಿನ ಬ್ಯಾಟ್ರಿ ಕೈಕೊಟ್ರ ಈ ವೈರಿನ ಮ್ಯಾಲ ಸೆಲ್ಫ್ ಹೊಡ್ಯಾಕ ಹೋಗಬ್ಯಾಡ್ರಿ, ಫ್ಯೂಸ್ ಹಾರ್ತದ. ಹಿಂದಿಂದು ಬಿಚ್ಚಿ ಮುಂದ ಕೂಡಿಸ್ರಿ. ಎರಡರ ಕೊಂಬೂ ಒಂದ ನಮೂನಿ ಅವ, ಕೂಡ್ತಾವ.”

ಕೂಲಿಯಲ್ಲಿ ಅವನು ರಿಯಾಯಿತಿ ಕೊಡಲಿಲ್ಲ. ಭಾವನವರು ಕೇಳಲೂ ಇಲ್ಲ. ಮಿಸ್ತ್ರಿಯ ಕನ್ನಡದ ಬಗ್ಗೆ ನಾನು ವಿಚಾರಿಸಿದಾಗ, ತಾಯಿಯ ತವರು ಗುರುಮಠಕಲ್ ಕಡೆಯದೆಂದೂ, ತಾನು ಓದಿದ್ದು ತೆಲುಗೆಂದೂ, ಕನ್ನಡ ಅಕ್ಷರ ಬಾರದೆಂದೂ ಹೇಳಿದ. ಬ್ಯಾಟರಿಯ ಮೇಲೆ ದಿನಾಂಕವನ್ನು ಸುಣ್ಣದ ಕಡ್ಡಿಯಿಂದ ಬರೆಯುವಾಗ ತಿಂಗಳ ಹೆಸರನ್ನು ತೆಲುಗಿನಲ್ಲಿ ಬರೆದ. ಭಾವನವರು ಅದರ ಪಕ್ಕದಲ್ಲಿ ಕನ್ನಡದಲ್ಲಿ ಬರೆದು ತೋರಿಸಿದರು. ಎರಡು ಲಿಪಿಗಳ ಹೋಲಿಕೆ ಕಂಡು ಅವನು ನಕ್ಕ.

ಮಕ್ತಲ್ ತಲಪುವ ವೇಳೆಗೆ ಹಿಂದಿನ ಬ್ಯಾಟರಿಯಲ್ಲಿ 14 ವೋಲ್ಟ್, ಫ್ರಿಜ್ಜಿನಲ್ಲಿ 5 ಡಿಗ್ರಿ. ಮಕ್ತಲಿನಲ್ಲಿ ಹೆಚ್ಚು ನಿಲ್ಲಲಿಲ್ಲ. ಪಡುವಣ ದಿಕ್ಕಿಗೆ ಮುಖಮಾಡಿದ ಆಂಜನೇಯನಿಗೆ ದೂರದಿಂದಲೇ ಕೈಮುಗಿದು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೊರಟೆವು. ಈ ಊರಿನ ಬದಿಯಲ್ಲಿ ಈಗ ರೈಲು ಓಡುತ್ತಿದೆ. ಜಕ್ಲೇರಿನಿಂದ ಕೃಷ್ಣಾ ನಿಲ್ದಾಣದವರೆಗಿನ 37 ಕಿಲೋಮೀಟರ್ ಹೊಸ ಹಳಿ 2023ರ ಅಕ್ಟೋಬರ್ 1ರಂದು ಉದ್ಘಾಟನೆಗೊಂಡಿತು. ಕಾಚಿಗೂಡ–ರಾಯಚೂರು ಗಾಡಿ ಅದರ ಮೇಲೆ ಸಾಗುತ್ತದೆ. 1871ರಲ್ಲಿಯೇ ಮುಂಬಯಿ ಮತ್ತು ಮದ್ರಾಸುಗಳ ಹಳಿಗಳು ರಾಯಚೂರಿನಲ್ಲಿ ಸಂಧಿಸಿದ್ದವೆಂಬುದನ್ನು ನೆನೆದರೆ, ಪಕ್ಕದ ಮಕ್ತಲ್ ಒಂದೂವರೆ ಶತಮಾನ ಕಾದಂತಾಯಿತು.

ಮಾಗನೂರು ದಾಟಿದ ಮೇಲೆ ಭತ್ತದ ಗದ್ದೆಗಳು, ಹತ್ತಿಯ ಕಡ್ಡಿಗಳು ನಿಂತ ಕರಿನೆಲ. ಶಾಲೆಯ ಗೋಡೆಯ ಮೇಲೆ ಕನ್ನಡ ವರ್ಣಮಾಲೆ. ಒಪ್ಪತ್ತಿನ ಶಾಲೆಯ ದಿನಗಳಾದ್ದರಿಂದ ತರಗತಿ ಮುಗಿದಿತ್ತು. ಆದರೂ ಇಪ್ಪತ್ತೆರಡು ಮಕ್ಕಳು, ಅವರ ತಂದೆತಾಯಿಗಳಲ್ಲಿ ಹತ್ತು ಹನ್ನೆರಡು ಮಂದಿ ಕಾದಿದ್ದರು. ಸೂರ್ಯ ಇಳಿದ ಮೇಲೆ ಒಂದು ಟ್ರ್ಯಾಕ್ಟರು ಹಾಗೂ ನಮ್ಮ ಜಿಪ್ಸಿಯಲ್ಲಿ ಎಲ್ಲರೂ ಮುಡುಮಾಲಿನತ್ತ ಹೊರಟೆವು.

ಮುಡುಮಾಲಿನ ಕಲ್ಲುಗಳನ್ನು ನೋಡದ ಗಡಿನಾಡ ಕನ್ನಡಿಗರು ಇನ್ನೂ ಬಹಳ ಮಂದಿ ಇದ್ದಾರೆ. ಇದು ನನಗೆ ವಿಷಾದದ ಸಂಗತಿ. ಕೃಷ್ಣೆಯ ದಂಡೆಯ ಬಯಲಿನಲ್ಲಿ ಹತ್ತರಿಂದ ಹದಿನಾಲ್ಕು ಅಡಿ ಎತ್ತರದ ಸುಮಾರು ಎಂಬತ್ತು ನಿಲುಗಲ್ಲುಗಳು, ಅವುಗಳ ಸುತ್ತ ಸಾಲುಸಾಲಾಗಿ ಜೋಡಿಸಿದ ಸಾವಿರಾರು ಗುಂಡುಗಳು. ಬೃಹತ್ ಶಿಲಾಯುಗದ ಈ ನೆಲೆಗೆ ಮೂರೂವರೆ ಸಾವಿರ ವರ್ಷಗಳಿಗೂ ಮೀರಿದ ಪ್ರಾಯವನ್ನು ಸಂಶೋಧಕರು ಹೇಳುತ್ತಾರೆ. ಕಲ್ಲುಗಳ ಸಾಲುಗಳು ಸೂರ್ಯನ ಉದಯಾಸ್ತಗಳ ದಿಕ್ಕನ್ನು ಅನುಸರಿಸುತ್ತವೆಂದೂ, ಒಂದು ಬಂಡೆಯ ಮೇಲೆ ಕೊರೆದ ಬಟ್ಟಲು ಗುಳಿಗಳು ಸಪ್ತರ್ಷಿ ಮಂಡಲದ ಚಿತ್ರವೆಂದೂ ಹೈದರಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಕೆ. ಪಿ. ರಾವ್ ಅವರ ಅಧ್ಯಯನಗಳು ತೋರಿಸಿವೆ. 2025ರ ಮಾರ್ಚಿನಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಮುಡುಮಾಲಿನ ಹೆಸರು ಸೇರಿತು. ಊರವರಿಗಾದರೋ ಇವು ಬಹುಕಾಲದಿಂದಲೂ ಪೂಜೆಯ ಕಲ್ಲುಗಳು. ಅವು ಉಳಿದುಕೊಂಡದ್ದರಲ್ಲಿ ಆ ಭಕ್ತಿಗೂ ಪಾಲುಂಟು. ಕಲ್ಲನ್ನು ಹತ್ತಬಾರದು, ಗುಂಡುಗಳನ್ನು ಸರಿಸಬಾರದು ಎಂಬ ಎಚ್ಚರಿಕೆಯನ್ನು ಭಾವನವರು ಮೂರು ಸಲ ಹೇಳಿಸಿದರು.

ಯುಗಾದಿ ಕಳೆದು ಮೂರು ದಿನವಾಗಿತ್ತು. ಚಂದ್ರನ ಎಳೆ ಬೇಗನೆ ಮುಳುಗಿತು. ಪಶ್ಚಿಮದ ಅಂಚಿನಲ್ಲಿ ಮಾತ್ರ ಹೊಳೆಯಾಚೆಯ ಶಕ್ತಿನಗರದ ಹೊಳಪು. 1985ರಿಂದ ಕರ್ನಾಟಕಕ್ಕೆ ಬೆಳಕು ಕೊಡುತ್ತಿರುವ, ಈಗ 1720 ಮೆಗಾವ್ಯಾಟ್ ಸಾಮರ್ಥ್ಯದ ರಾಯಚೂರು ಶಾಖೋತ್ಪನ್ನ ಸ್ಥಾವರದ ದೀಪಗಳವು. ಅದರ ಎದುರಿಗೆ ನಮ್ಮದು ಹತ್ತು ವ್ಯಾಟಿನ ಒಂದು ದೀಪ, ಅದಕ್ಕೂ ಕೆಂಪು ಕಾಗದ ಸುತ್ತಿದ್ದೆವು. ಕೆಂಪು ಬೆಳಕಿನಲ್ಲಿ ಕಣ್ಣು ಕತ್ತಲೆಯ ರೂಢಿಯನ್ನು ಕಳೆದುಕೊಳ್ಳುವುದಿಲ್ಲ.

ಒಂಬತ್ತರ ಸುಮಾರಿಗೆ ಸಪ್ತರ್ಷಿಗಳು ಈಶಾನ್ಯದಿಂದ ಮೇಲೇರಿದ್ದರು. ವಸಿಷ್ಠನ ಮಗ್ಗುಲಿನ ಅರುಂಧತಿಯನ್ನು ಬರಿಗಣ್ಣಿಗೆ ಮೊದಲು ಕಂಡವಳು ಐದನೆಯ ತರಗತಿಯ ಒಬ್ಬ ಹುಡುಗಿ. ಮುಂದಿನ ಎರಡು ನಕ್ಷತ್ರಗಳ ಗೆರೆಯನ್ನು ಹಿಡಿದು ಧ್ರುವನನ್ನು ಹುಡುಕಿದೆವು. ಭಾವನವರು ಮಕ್ಕಳಿಗೆ ಕೈ ಚಾಚಿ ಮುಷ್ಟಿ ಹಿಡಿಯಲು ಹೇಳಿದರು. ಚಾಚಿದ ಕೈಯ ಮುಷ್ಟಿ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಧ್ರುವನವರೆಗೆ ಒಂದೂವರೆ ಮುಷ್ಟಿಗಿಂತ ಕೂದಲೆಳೆ ಹೆಚ್ಚು, ಎಂದರೆ ಹದಿನಾರು ಡಿಗ್ರಿ. ಭೂಗೋಳದ ಪುಸ್ತಕದಲ್ಲಿ ಈ ಊರಿನ ಅಕ್ಷಾಂಶವೂ ಹದಿನಾರೇ. ತಮ್ಮ ಊರಿನ ವಿಳಾಸ ಆಕಾಶದಲ್ಲಿಯೂ ಬರೆದಿದೆಯೆಂದು ತಿಳಿದ ಮಕ್ಕಳು ಮತ್ತೆ ಮತ್ತೆ ಅಳೆದರು.

“ಸರ, ಈ ಕಲ್ಲು ನಿಲ್ಲಿಸಿದೋರು ಕನ್ನಡದೋರೇನ್ರಿ, ತೆಲುಗರೇನ್ರಿ?” ಎಂದು ಒಬ್ಬ ಹುಡುಗ ಕೇಳಿದ.

ಭಾವನವರು ಉತ್ತರಕ್ಕೆ ಅವಸರಪಡಲಿಲ್ಲ. ಹಲ್ಮಿಡಿಯ ಶಾಸನ ಕ್ರಿ.ಶ. 450ರ ಸುಮಾರಿನದು, ಈ ಕಲ್ಲುಗಳು ಅದಕ್ಕಿಂತ ಎರಡು ಸಾವಿರ ವರ್ಷಗಳಾದರೂ ಹಿಂದಿನವು. ಅವರು ಬರೆದಿಟ್ಟದ್ದು ಏನೂ ಇಲ್ಲ, ಕಲ್ಲಿನಲ್ಲಿ ಏಳು ಗುಳಿಗಳನ್ನು ಬಿಟ್ಟರೆ, ಎಂದರು. “ಅವರ ಮಾತು ನಮಗ ಗೊತ್ತಿಲ್ಲಪ್ಪಾ. ಅವರು ನೋಡಿದ ಚಿಕ್ಕಿ ಮಾತ್ರ ಇವೇ.”

ಹಿಂದೆ ಕುಳಿತಿದ್ದ ಒಬ್ಬ ತಾಯಿ ನನ್ನೊಡನೆ ತಗ್ಗಿದ ದನಿಯಲ್ಲಿ ಬೇರೆಯೇ ಮಾತಾಡುತ್ತಿದ್ದರು. ಅರುಂಧತಿಯನ್ನು ಕಂಡವಳ ತಾಯಿ. ಬರುವ ಜೂನ್‌ನಿಂದ ಮಗಳನ್ನು ಮಕ್ತಲಿನ ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದಿದ್ದಾರೆ. “ಹತ್ತರ ತನಕ ಕನ್ನಡದಾಗ ಓದಿ ಆಮ್ಯಾಲ ರಾಯಚೂರಿಗೆ ಹೋದ್ರ ಹೊರರಾಜ್ಯದೋರು ಅಂತಾರ, ಇಲ್ಲಿದ್ರ ಕನ್ನಡದೋರು ಅಂತಾರ. ಎಲ್ಲಿ ಕಳಸ್ಲಿ ಹೇಳ್ರಿ ಅಣ್ಣಾ?” ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ವಾರಪತ್ರಿಕೆಯ ಮನೆಮನೆಗಳಲ್ಲಿ ಏಪ್ರಿಲ್ ಬಂತೆಂದರೆ ನಡೆಯುವ ಮಾತೇ ಇದು. ಶಾಲೆಯನ್ನು ಉಳಿಸಿರೆಂದು ತಾಯಿಗೆ ಉಪದೇಶಿಸುವುದು ಸುಲಭ. ಮಗಳ ಭವಿಷ್ಯದ ಹೊರೆ ಹೊರುವವರು ಅವರು.

ಹತ್ತೂವರೆಗೆ ಮಕ್ಕಳನ್ನು ಟ್ರ್ಯಾಕ್ಟರಿಗೆ ಹತ್ತಿಸಿ ನಾವು ಹೊರಡಲು ಅಣಿಯಾದೆವು. ಭಾವನವರು ಕೀಲಿ ತಿರುವಿದರು. ಟಕ್ ಎಂಬ ಒಂದು ಸದ್ದು, ಮತ್ತೇನಿಲ್ಲ. ಇನ್ನೊಮ್ಮೆ ತಿರುವಿದರೆ ಅದೂ ಇಲ್ಲ. ಮುಂದಿನ ಬ್ಯಾಟರಿಗೆ ಮೀಟರು ಹಿಡಿದಾಗ 10.5 ವೋಲ್ಟ್. ದೀಪವಾಗಲಿ ಫ್ರಿಜ್ಜಾಗಲಿ ಅದರಿಂದ ಒಂದು ಹನಿಯನ್ನೂ ಎಳೆದಿರಲಿಲ್ಲ. ಸೀಸದ ಬ್ಯಾಟರಿಯಲ್ಲಿ ತಲಾ 2.1 ವೋಲ್ಟಿನ ಆರು ಮನೆಗಳಿರುತ್ತವೆ, ಒಟ್ಟು 12.6. ಅದರಲ್ಲಿ ಸರಿಯಾಗಿ ಎರಡರಷ್ಟು ಕಳೆದಿದೆಯೆಂದರೆ ಒಂದು ಮನೆ ಸತ್ತಿದೆ. ಅದಕ್ಕೆ ನಾಲ್ಕು ವರ್ಷ ತುಂಬಿತ್ತು, ನಾಲ್ಕು ಬೇಸಿಗೆಗಳನ್ನು ಕಂಡಿತ್ತು. ಚಳಿಗಿಂತ ಕಾವೇ ಬ್ಯಾಟರಿಯ ದೊಡ್ಡ ಶತ್ರು. ಸಾಯುವ ಮುನ್ನ ಸೂಚನೆ ಕೊಡುವ ಶಿಷ್ಟಾಚಾರ ಅವುಗಳಿಗಿಲ್ಲ.

ಹಿಂದಿನ ಬ್ಯಾಟರಿಯಲ್ಲಿ 12.4 ಇತ್ತು. ಟ್ರ್ಯಾಕ್ಟರಿನಿಂದ ಇಬ್ಬರು ತಂದೆಯರು ಇಳಿದು ಬಂದರು. ಕೆಂಪು ದೀಪದಲ್ಲಿ ಕೆಲಸ ನಡೆಯಿತು. ಬಿಚ್ಚುವಾಗ ಮೊದಲು ಋಣದ ತುದಿ, ಕೂಡಿಸುವಾಗ ಕೊನೆಗೆ ಋಣದ ತುದಿ. ಈ ಕ್ರಮ ತಪ್ಪಿ ಪಾನಾ ಧನದ ಕೊಂಬಿಗೂ ಗಾಡಿಯ ಮೈಗೂ ಏಕಕಾಲಕ್ಕೆ ತಾಗಿದರೆ ಕಿಡಿ ಹಾರುವುದು ಖಚಿತ. ರಿಲೇಗೆ ಹೋಗುವ ದಪ್ಪ ತಂತಿಯ ಎರಡೂ ಫ್ಯೂಸ್‌ಗಳನ್ನು ತೆಗೆದೆವು. ಮಿಸ್ತ್ರಿ ಹೇಳಿದಂತೆ ಕೊಂಬುಗಳು ಕೂಡಿದವು. ಋಣದ ತಂತಿ ಮಾತ್ರ ಎಳೆದು ಹಿಡಿದರಷ್ಟೇ ಮುಟ್ಟುವಷ್ಟಿತ್ತು. ಟ್ರ್ಯಾಕ್ಟರಿನಲ್ಲಿದ್ದ ಮಕ್ಕಳು ಒಬ್ಬರೂ ಮಲಗಿರಲಿಲ್ಲ. ಗಾಡಿ ಒಂದೇ ಸೆಲ್ಫಿಗೆ ಎದ್ದಾಗ ಅವರು ಹಾಕಿದ ಕೇಕೆ ಹೊಳೆಯಾಚೆಗೂ ಕೇಳಿಸಿರಬೇಕು.

ಈಗ ಎರಡು ಬ್ಯಾಟರಿಗಳ ಗಾಡಿ ಒಂದಕ್ಕೆ ಇಳಿದಿತ್ತು. ಆ ರಾತ್ರಿ ನಮ್ಮ ವಸತಿ ಶಾಲೆಯ ಜಗಲಿ. ಇರುಳೆಲ್ಲ ಫ್ರಿಜ್ ನಡೆಸಿದರೆ ಬೆಳಗ್ಗೆ ಗಾಡಿ ಏಳದಿರಬಹುದು. ನಿಲ್ಲಿಸಿದರೆ ಇನ್ಸುಲಿನ್ ಕೆಡಬಹುದು. ಹನ್ನೊಂದು ಗಂಟೆಗೂ ಜಗಲಿಯ ಮೇಲೆ 31 ಡಿಗ್ರಿ. ಉಪಾಯ ಹೇಳಿದವರು ಬಿಸಿಯೂಟ ಮಾಡುವ ಅಮ್ಮ. ಬಾಯಗಲದ ದೊಡ್ಡ ಮಣ್ಣಿನ ಗಡಿಗೆಯಲ್ಲಿ ಹೊಳೆಯ ಮರಳು ತುಂಬಿ, ನೀರು ಹಾಕಿ ನೆನೆಸಿ, ನಡುವೆ ಚಿಕ್ಕ ಕುಡಿಕೆಯಿಟ್ಟರು. ಇನ್ಸುಲಿನ್ನಿನ ಪೆನ್ನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರೊಳಗಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಗಾಳಿ ಬೀಸುವ ಮೂಲೆಯಲ್ಲಿರಿಸಿದೆವು. ಫ್ರಿಜ್ಜಿನ ಉಷ್ಣಮಾಪಕವನ್ನೂ ಕುಡಿಕೆಗೆ ಇಳಿಬಿಟ್ಟೆ. ನೀರು ಆವಿಯಾಗುತ್ತ ಗಡಿಗೆಯ ಕಾವನ್ನು ಹೀರುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ಮಳೆಗಾಲದಲ್ಲಿ ಈ ಉಪಾಯ ಸಾಗದು. ಆದರೆ ಚೈತ್ರದ ನಮ್ಮ ಬಯಲುಸೀಮೆಯ ಗಾಳಿಗಿಂತ ಒಣಗಿದ್ದು ಬೇರೆಲ್ಲಿ ಸಿಕ್ಕೀತು?

ರಾತ್ರಿ ಮೂರು ಗಂಟೆಗೆ ಎದ್ದು ನೋಡಿದಾಗ ಭಾವನವರು ಆಗಲೇ ಗಡಿಗೆಯ ಬಳಿ ಕೂತಿದ್ದರು. ಮಾಪಕದಲ್ಲಿ 24. ಬಟ್ಟೆಗೆ ನೀರು ಚಿಮುಕಿಸಿ, “ನಿಮ್ಮ ಅಕ್ಕನಿಗೆ ಇದನ್ನೆಲ್ಲ ಹೇಳಬೇಡಿ, ಹೇಳುವುದಿದ್ದರೆ ನಾನೇ ಹೇಳುತ್ತೇನೆ” ಎಂದರು. ಬೆಳಿಗ್ಗೆ 23 ಇತ್ತು. ತೆರೆದ ಔಷಧಕ್ಕೆ ಅಷ್ಟು ಸಾಕು. ಮನೆಯಲ್ಲಿ ಇನ್ಸುಲಿನ್ ಬಳಸುವವರು ಇದನ್ನು ಆಪತ್ತಿನ ಉಪಾಯವೆಂದು ತಿಳಿಯಬೇಕು. ತೆರೆಯದ ಕುಪ್ಪಿಗಳಿಗೆ ಫ್ರಿಜ್ಜೇ ಬೇಕು, ಎಷ್ಟು ದಿನ ಹೊರಗಿಡಬಹುದೆಂಬುದನ್ನು ಡಬ್ಬಿಯೊಳಗಿನ ಚೀಟಿಯಲ್ಲಿ ಓದಿ ವೈದ್ಯರನ್ನು ಕೇಳಬೇಕು.

ಎಂಜಿನ್ ನಡೆಯುತ್ತಿದ್ದಂತೆ ಫ್ರಿಜ್ಜಿಗೂ ಜೀವ ಬಂದಿತು. ಮಕ್ತಲಿಗೆ ಮರಳಿ, ಅಮರಚಿಂತ, ಆತ್ಮಕೂರುಗಳ ಮೇಲಿಂದ ಜೂರಾಲಕ್ಕೆ ಬಂದೆವು. ದಾರಿಯಲ್ಲಿ ಎಲ್ಲಿಯೂ ಎಂಜಿನ್ ನಿಲ್ಲಿಸಲಿಲ್ಲ. ಚಹಾ ಕುಡಿಯುವಾಗಲೂ ಒಬ್ಬರು ಗಾಡಿಯಲ್ಲಿಯೇ. ಕೃಷ್ಣೆ ಕರ್ನಾಟಕ ಬಿಟ್ಟ ಮೇಲೆ ಎದುರಾಗುವ ಮೊದಲ ದೊಡ್ಡ ಅಣೆಕಟ್ಟು ಇದು. 1996ರಿಂದ ನೀರು ನಿಲ್ಲಿಸುತ್ತಿರುವ ಈ ಕಟ್ಟೆಯ ಬದಿಯಲ್ಲಿ 39 ಮೆಗಾವ್ಯಾಟಿನ ಆರು ಯಂತ್ರಗಳ ಜಲವಿದ್ಯುದಾಗಾರವಿದೆ. ಮಾರ್ಚಿನ ಕೊನೆಯಲ್ಲಿ ನೀರು ತಳ ಸೇರಿತ್ತು, ಬಂಡೆಗಳು ಎದ್ದು ಕಾಣುತ್ತಿದ್ದವು. ಮೇಲಿನ ಆಲಮಟ್ಟಿ, ನಾರಾಯಣಪುರಗಳಿಂದ ನೀರು ಬರುವ ತನಕ ಇಲ್ಲಿಯೂ ಕಾಯುವಿಕೆ.

ಗದ್ವಾಲದ ಕೋಟೆಯನ್ನು ಸೋಮನಾದ್ರಿ ಎಂಬ ಅರಸ ಕಟ್ಟಿಸಿದ. ವಿದ್ವಾಂಸರಿಗೆ ಆಶ್ರಯ ಕೊಟ್ಟು ‘ವಿದ್ವದ್ಗದ್ವಾಲ’ ಎನಿಸಿಕೊಂಡ ಸಂಸ್ಥಾನ ಇದು. 2016ರ ಅಕ್ಟೋಬರ್ 11ರಿಂದ ಜೋಗುಳಾಂಬಾ ಗದ್ವಾಲ ಜಿಲ್ಲೆಯ ಕೇಂದ್ರ. ಕೋಟೆಯ ಚೆನ್ನಕೇಶವನ ದರ್ಶನಕ್ಕೆ ಭಾವನವರು ಹೋದಾಗ ನಾನು ಬ್ಯಾಟರಿ ಅಂಗಡಿಯಲ್ಲಿದ್ದೆ. ಅಂಗಡಿಯ ಪಕ್ಕದ ಮನೆಯ ಮಗ್ಗದಲ್ಲಿ ಸೀರೆ ನಡೆಯುತ್ತಿತ್ತು: ಹತ್ತಿಯ ಒಡಲು, ರೇಷ್ಮೆಯ ಅಂಚು. ಎರಡು ಬೇರೆ ಬೇರೆ ನೂಲುಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿದಂತೆ ನೇಯುವ ಕುಪ್ಪಡಂ ಕೆಲಸವನ್ನು ನೋಡುತ್ತ ಒಂದು ಗಂಟೆ ಕಳೆದದ್ದು ತಿಳಿಯಲಿಲ್ಲ. ಅಂಚು ತನ್ನ ಬಿಗಿಯಲ್ಲಿ, ಒಡಲು ತನ್ನ ಬಿಗಿಯಲ್ಲಿರಬೇಕು. ಎರಡರ ಸೆಳೆತ ಬೇರೆ ಬೇರೆಯಾದ್ದರಿಂದ ಬೆಸುಗೆಯ ಜಾಗದಲ್ಲಿಯೇ ಕಣ್ಣಿಡಬೇಕೆಂದು ನೇಕಾರರು ತೆಲುಗಿನಲ್ಲಿ ವಿವರಿಸಿದರು.

ಸತ್ತ ಬ್ಯಾಟರಿಯನ್ನು ಅಂಗಡಿಯವರು ತಕ್ಕಡಿಗೆ ಹಾಕಿ, ಸೀಸದ ಬೆಲೆಯನ್ನು ಹೊಸದರ ಬೆಲೆಯಲ್ಲಿ ಮುರಿದುಕೊಂಡರು. ಹಳೆಯದನ್ನು ಗುಜರಿಯವರಿಗೆ ಕೊಡದೆ ಹೀಗೆ ಮಾರಿದವರಿಗೇ ಹಿಂದಿರುಗಿಸುವುದು ನಿಯಮವೂ ಹೌದು, ಕ್ಷೇಮವೂ ಹೌದು. ಸೀಸ ಕರಗಿಸುವ ಹೊಗೆ ಮಕ್ಕಳ ಮಿದುಳಿಗೆ ವಿಷ. ಹೊಸದು ಮುಂದಕ್ಕೆ, ಹಳೆಯ ಸಂಗಾತಿ ಮತ್ತೆ ಸೀಟಿನ ಹಿಂದಕ್ಕೆ. ಫ್ಯೂಸ್‌ಗಳನ್ನು ತಿರುಗಿ ಕೂರಿಸಿದಾಗ ರಿಲೇ ಮೆಲ್ಲಗೆ ಟಿಕ್ ಎಂದಿತು.

ಅಷ್ಟರಲ್ಲಿ ಶಾಲೆಯ ಶಿಕ್ಷಕಿಯ ಫೋನು ಬಂದಿತು. ಬ್ಯಾಟರಿಯ ಕುಶಲ ವಿಚಾರಿಸಿದ ಮೇಲೆ, ಮಕ್ಕಳಿಗೆ ಮಹಾವ್ಯಾಧನನ್ನೂ ಕೃತ್ತಿಕೆಯನ್ನೂ ತೋರಿಸಲು ಡಿಸೆಂಬರಿನಲ್ಲಿ ಬರುವಿರಾ ಎಂದು ಕೇಳಿದರು. ಭಾವನವರು ಬರುವೆನೆಂದರು. ಅರುಂಧತಿಯನ್ನು ಕಂಡ ಹುಡುಗಿ ಆಗ ಇದೇ ಶಾಲೆಯಲ್ಲಿರುವಳೇ ಎಂದು ಅವರು ಕೇಳಲಿಲ್ಲ, ಶಿಕ್ಷಕಿಯೂ ಹೇಳಲಿಲ್ಲ. ಯಾವ ಶಾಲೆಯಲ್ಲಿದ್ದರೂ ಆ ರಾತ್ರಿ ಅವಳನ್ನು ಕರೆಸಿ ಎಂದಷ್ಟೇ ಹೇಳಿ, ದಿನಚರಿಯಲ್ಲಿ ಡಿಸೆಂಬರಿನ ಅಮಾವಾಸ್ಯೆಯ ದಿನಕ್ಕೆ ಗುರುತು ಹಾಕಿಕೊಂಡರು.